ತವರಿನ ಪಂದ್ಯಗಳು ಇನ್ನು ಭಾನುವಾರ ಮಧ್ಯಾಹ್ನ ಮೂರಕ್ಕೆ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸದಸ್ಯರಿಗೆ, ಸೀಸನ್ ಟಿಕೆಟ್ ತೆಗೆದುಕೊಂಡಿರುವ ಎಲ್ಲರಿಗೂ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಸೀಸನ್ನಿನಲ್ಲಿ ತವರಿನಲ್ಲಿ ಇನ್ನೂ ಆರು ಪಂದ್ಯಗಳಿವೆ. ಅವು ಶನಿವಾರ ರಾತ್ರಿ ಏಳಕ್ಕೆ ನಡೆಯುವುದಿಲ್ಲ. ಆರೂ ಪಂದ್ಯಗಳು ಭಾನುವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುತ್ತವೆ. ಲೀಗ್‌ನವರು ಒಪ್ಪಿದ್ದಾರೆ, ಆಡಲು ಬರುವ ಆರು ಕ್ಲಬ್ಬುಗಳೂ ಒಪ್ಪಿವೆ. ನಿಮ್ಮ ಟಿಕೆಟ್ಟಿನ ಮೇಲೆ ಶನಿವಾರ ಅಂತ ಅಚ್ಚಾಗಿದ್ದರೂ ಅದೇ ಟಿಕೆಟ್ ನಡೆಯುತ್ತದೆ. ಸೀಟೂ ಅದೇ.

ಅರ್ಧ ದಾರಿಗೆ ಬಂದ ಮೇಲೆ ದಿನ ಬದಲಿಸುತ್ತಿದ್ದೇವೆ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಲೇಬೇಕು.

ಹೊರಗೆ ಹೋಗಿ ಆಡಿದ ಏಳು ಪಂದ್ಯಗಳಲ್ಲಿ ಮೂರು ಗೆದ್ದಿದ್ದೇವೆ, ಒಂದು ಡ್ರಾ. ಅಂದರೆ ಹತ್ತು ಪಾಯಿಂಟ್. ತವರಿನಲ್ಲಿ ಆಡಿದ ಏಳರಲ್ಲಿ ಒಂದೇ ಗೆಲುವು, ಮೂರು ಡ್ರಾ, ಆರು ಪಾಯಿಂಟ್. ಯಾವ ತಂಡಕ್ಕಾದರೂ ಇದು ಉಲ್ಟಾ ಇರಬೇಕು, ಅಲ್ವಾ? ಈಗ ನಾವು ಕೆಳಗಿನಿಂದ ನಾಲ್ಕನೆಯವರು. ಕೊನೆಯ ಎರಡು ತಂಡಗಳು ಕೆಳಗಿನ ಡಿವಿಷನ್‌ಗೆ ಇಳಿಯುತ್ತವೆ. ಗೆಲುವಿಗೆ ಎರಡೇ ಪಾಯಿಂಟ್ ಇದ್ದ ಕಾಲವನ್ನು ಹಿರಿಯ ಸದಸ್ಯರು ಈಗಲೂ ನೆನೆಸುತ್ತಾರೆ. ಆಗ ಡ್ರಾ ಅಂದರೆ ಅರ್ಧ ಗೆಲುವು. ಇಂಗ್ಲೆಂಡಿನ ಲೀಗ್ 1981ರಲ್ಲೇ ಮೂರು ಪಾಯಿಂಟಿಗೆ ಬದಲಾಯಿತು, ಆಮೇಲೆ ಉಳಿದವರೂ ಬದಲಾದರು. ಈಗಿನ ಲೆಕ್ಕದಲ್ಲಿ ಡ್ರಾ ಮಾಡಿಕೊಂಡು ಕೂತರೆ ತಂಡ ಉಳಿಯುವುದಿಲ್ಲ.

ಹೋದ ತಿಂಗಳ ಪಂದ್ಯಕ್ಕೆ ಬಂದಿದ್ದವರಿಗೆ ಆ 78ನೇ ನಿಮಿಷ ಮರೆತಿರಲಿಕ್ಕಿಲ್ಲ. ಒಂದು ಗೋಲಿನಿಂದ ಮುಂದಿದ್ದೆವು. ನಮ್ಮ ಡಿಫೆಂಡರ್ ಒತ್ತಡವೇನೂ ಇಲ್ಲದೆ ಚೆಂಡನ್ನು ಹಿಂದಕ್ಕೆ, ಗೋಲ್‌ಕೀಪರ್ ಕಡೆಗೆ ಕೊಟ್ಟ. ನಿಧಾನವಾದ, ಸರಿಯಾದ ಪಾಸ್. ಕೀಪರ್ ಒದೆಯಲು ಕಾಲು ಎತ್ತಿದ. ಅಷ್ಟರಲ್ಲಿ ಚೆಂಡು ಕಿತ್ತುಬಂದ ಹುಲ್ಲಿನ ಹೆಂಟೆಗೆ ತಾಗಿ ಒಂದು ಗೇಣು ಮೇಲಕ್ಕೆ ಚಿಮ್ಮಿತು, ಅವನ ಬೂಟಿನ ಮೇಲಿಂದ ಹಾರಿ ಗೋಲಿನೊಳಗೆ ಹೋಯಿತು. ಸ್ಟ್ಯಾಂಡಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಆ ಕೀಪರ್ ಹುಡುಗ ಬಗ್ಗಿ, ಅದೇ ಹೆಂಟೆಯನ್ನು ಕೈಯಲ್ಲಿ ಎತ್ತಿ ಮತ್ತೆ ಅದರ ಜಾಗದಲ್ಲಿ ಇಟ್ಟು ಒತ್ತಿದ. ಅವನ ತಪ್ಪು ಏನೂ ಇರಲಿಲ್ಲ. ಆಮೇಲೆ ಅವನನ್ನು ಬೈದವರಿಗೆ ಈ ಮಾತು ಹೇಳಲೇಬೇಕಿತ್ತು. 1992ರಿಂದ ಈಚೆಗೆ, ತನ್ನ ಕಡೆಯವನು ಕಾಲಿನಿಂದ ಬೇಕಂತಲೇ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಕಾಲಿನಲ್ಲೇ ಆಡಬೇಕು. ಹಾಗಾಗಿ ಗೋಲಿನ ಮುಂದಿನ ನೆಲ ಹಾಳಾದರೆ ಮೊದಲ ಏಟು ಅವನಿಗೇ.

ಆ ನೆಲ ಹಾಳಾಗಲು ನಾವೇ ಕಾರಣ. ಗೋಲಿನ ಅಗಲ 7.32 ಮೀಟರ್. ಇಡೀ ಮೈದಾನದಲ್ಲಿ ಜಾಸ್ತಿ ತುಳಿತ ಬೀಳುವುದು ಅದರ ಮುಂದಿನ ಆ ಸಣ್ಣ ಜಾಗಕ್ಕೆ. ನಾವು ಅದರ ಮೇಲೆ ಒಂದೇ ಶನಿವಾರ ಮೂರು ಪಂದ್ಯ ಆಡಿಸುತ್ತಿದ್ದೆವು. ಬೆಳಿಗ್ಗೆ ಮಕ್ಕಳು, ಮಧ್ಯಾಹ್ನ ಹೆಣ್ಣುಮಕ್ಕಳ ತಂಡ, ರಾತ್ರಿ ಗಂಡಸರ ತಂಡ. ರಾತ್ರಿಯ ಹೊತ್ತಿಗೆ ಹುಲ್ಲೆಲ್ಲ ಕಿತ್ತಿರುತ್ತದೆ, ಮೇಲಿಂದ ಇಬ್ಬನಿ ಬೀಳುತ್ತದೆ, ನಡುವೆ ರಿಪೇರಿಗೆ ಹೊತ್ತೇ ಇರುವುದಿಲ್ಲ. ಮೊನ್ನೆ ರೆಫರಿ ಪಂದ್ಯಕ್ಕೆ ಮುಂಚೆ ಗೋಲಿನ ಮುಂದೆ ಮೂರು ಸಲ ಚೆಂಡು ಪುಟಿಸಿ ನೋಡಿ, ಸುಮ್ನೆ ನನ್ನ ಮುಖ ನೋಡಿದರು. ನೆಲ ಅಪಾಯ ಅನ್ನಿಸಿದರೆ ಪಂದ್ಯ ನಿಲ್ಲಿಸುವ ಅಧಿಕಾರ ಅವರಿಗಿದೆ.

ಕಿತ್ತ ಹುಲ್ಲನ್ನು ಒಣಗುವ ಮುಂಚೆ ವಾಪಸ್ ಕೂರಿಸಿದರೆ ಮತ್ತೆ ಬೇರು ಹಿಡಿಯುತ್ತದೆ. ಮರುದಿನಕ್ಕೆ ಬಿಟ್ಟರೆ ಸತ್ತೇ ಹೋಗುತ್ತದೆ. ನಮ್ಮ ಮೈದಾನ ನೋಡಿಕೊಳ್ಳುವವರು ಎರಡು ವರ್ಷದಿಂದ ಕೇಳುತ್ತಿದ್ದದ್ದು ಇದೊಂದನ್ನೇ: ಪಂದ್ಯ ಮುಗಿದ ಮೇಲೆ ಎರಡು ಗಂಟೆ ಹಗಲು ಬೆಳಕು. ನಾವು ಅವರ ಮಾತನ್ನು ಮೊದಲೇ ಕೇಳಬೇಕಿತ್ತು. ಇನ್ನು ಮಕ್ಕಳ ಪಂದ್ಯಗಳು ಪಕ್ಕದ ಅಭ್ಯಾಸದ ಮೈದಾನದಲ್ಲಿ ನಡೆಯುತ್ತವೆ. ಶನಿವಾರ ಹೆಣ್ಣುಮಕ್ಕಳ ತಂಡದ ಪಂದ್ಯ ಮಾತ್ರ ಇರುತ್ತದೆ. ಆ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಮೈದಾನ ಅದನ್ನು ನೋಡಿಕೊಳ್ಳುವವರ ಕೈಯಲ್ಲಿ.

ಹೆಣ್ಣುಮಕ್ಕಳ ತಂಡವನ್ನೇ ಪಕ್ಕದ ಮೈದಾನಕ್ಕೆ ಕಳಿಸೋಣ ಅನ್ನುವ ಸಲಹೆಯೂ ಬಂದಿತ್ತು. ಸಮಿತಿ ಒಪ್ಪಲಿಲ್ಲ. ಅವರ ಲೀಗ್‌ನಲ್ಲಿ ಅವರು ಎರಡನೇ ಸ್ಥಾನದಲ್ಲಿದ್ದಾರೆ. ಈ ವರ್ಷ ಕ್ಲಬ್ಬಿನ ಹೆಸರು ಉಳಿಸಿರುವುದೇ ಅವರು. ನಿಮ್ಮ ಸೀಸನ್ ಟಿಕೆಟ್ಟಿನಲ್ಲಿ ಅವರ ಪಂದ್ಯಗಳನ್ನೂ ನೋಡಬಹುದು, ದಯವಿಟ್ಟು ಬನ್ನಿ.

ನೆಲ ಸರಿಹೋದ ಕೂಡಲೇ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ಮುಖ್ಯ ಸ್ಟ್ರೈಕರ್ ಮೇಲಿನ ಡಿವಿಷನ್ನಿನ ಕ್ಲಬ್ಬಿಗೆ ಹೋದ. ಅವನಿಗೆ ಒಳ್ಳೆಯದಾಗಲಿ. ಐದು ಬದಲಿ ಆಟಗಾರರನ್ನು ಇಳಿಸಲು ನಿಯಮ ಬಿಡುತ್ತದೆ, ಆದರೆ ಗಾಯವಿಲ್ಲದ ಐದು ಜನ ಬೆಂಚಿನಲ್ಲಿ ಇರುವ ದಿನವೇ ಅಪರೂಪ. ಕೊನೆಯ ಇಪ್ಪತ್ತು ನಿಮಿಷ ಹುಡುಗರು ಸುಸ್ತಾಗುತ್ತಾರೆ. ಕೆಸರಿನಲ್ಲಂತೂ ಇನ್ನೂ ಜಾಸ್ತಿ.

ಈ ಬದಲಾವಣೆಯಿಂದ ಕೆಲವರಿಗೆ ನಷ್ಟವಿದೆ. ಭಾನುವಾರ ಕೆಲಸ ಇರುವವರು ನಮ್ಮಲ್ಲಿ ತುಂಬ ಜನ. ಫ್ಲಡ್‌ಲೈಟ್ ಹೊತ್ತಿಕೊಳ್ಳುವ ಆ ಕ್ಷಣಕ್ಕಾಗಿಯೇ ಬರುವವರೂ ಇದ್ದಾರೆ. ನನಗೂ ಅದು ಇಷ್ಟ. ಬರಲು ಆಗದವರಿಗೆ ಉಳಿದ ಆರು ಪಂದ್ಯಗಳ ಪಾಲಿನ ಹಣ ಪೂರ್ತಿ ವಾಪಸ್ ಕೊಡುತ್ತೇವೆ, ಕಾರಣ ಕೇಳುವುದಿಲ್ಲ. ಹಣ ಬೇಡ ಅಂದರೆ ಟಿಕೆಟ್ ಯಾರಿಗಾದರೂ ಕೊಡಿ, ಹೆಸರು ಬದಲಿಸುವ ಅಗತ್ಯವಿಲ್ಲ.

ಸಾಧ್ಯವಿರುವವರು ಮಾತ್ರ ತಪ್ಪಿಸಬೇಡಿ. 2020ರ ಮೇ ತಿಂಗಳಲ್ಲಿ ಜರ್ಮನಿಯ ಫುಟ್‌ಬಾಲ್ ಲೀಗ್ ಬುಂಡೆಸ್‌ಲಿಗಾ ಖಾಲಿ ಸ್ಟೇಡಿಯಂಗಳಲ್ಲಿ ಮತ್ತೆ ಶುರುವಾದಾಗ, ತವರಿನ ತಂಡಗಳು ಗೆಲ್ಲುವುದು ಎದ್ದು ಕಾಣುವಷ್ಟು ಕಡಿಮೆಯಾಯಿತು. ನೀವು ಕೂಗುವುದು ಹುಡುಗರಿಗೆ ಕೇಳಿಸುತ್ತದೆ.

ಮುಂದಿನ ಭಾನುವಾರ ಒಂದೂವರೆಗೆ ಗೇಟ್ ತೆಗೆಯುತ್ತೇವೆ. ಹಣ ವಾಪಸ್ ಬೇಕಾದವರು ಟಿಕೆಟ್ ತಂದರೆ ಸಾಕು. ಮುಖ್ಯ ಗೇಟಿನ ಪಕ್ಕದ ಕಿಟಕಿಯಲ್ಲಿ ನಾನೇ ಕೂತಿರುತ್ತೇನೆ.

ನಿಮ್ಮ,
ಕಾರ್ಯದರ್ಶಿ
ಕ್ಲಬ್ ಸದಸ್ಯರ ಸಹಕಾರ ಸಂಘ