ಬಿದ್ದ ಮಳೆಗೆ ಲೆಕ್ಕವಿಲ್ಲ, ಕಟ್ಟಿದ ಹಣಕ್ಕೆ ಉತ್ತರವಿಲ್ಲ

ಮಾನ್ಯ ಸಂಪಾದಕರೇ,

ಅಡಿಕೆ ಬೆಳೆಗಾರರ ಖಾತೆಗೆ ವಿಮೆ ಹಣ ಬೀಳುತ್ತಿದೆ ಎಂಬ ಸೋಮವಾರದ ವರದಿ ಓದಿ, ಮಂಗಳವಾರ ಬೆಳಿಗ್ಗೆ ಮೊದಲ ಬಸ್ಸಿಗೇ ತೀರ್ಥಹಳ್ಳಿಗೆ ಹೋದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿದರೆ ಒಂದು ರೂಪಾಯಿಯೂ ಬಂದಿಲ್ಲ. ಪಕ್ಕದ ಪಂಚಾಯ್ತಿಯವರಿಗೆ ಬಂದಿದೆ. ಅವರ ತೋಟಕ್ಕೂ ನಮ್ಮ ತೋಟಕ್ಕೂ ನಡುವೆ ಇರುವುದು ಒಂದು ಹಳ್ಳ, ಅಷ್ಟೇ. ಬ್ಯಾಂಕಿನವರು ಕಚೇರಿಗೆ ಹೋಗಿ ಎಂದರು. ಕಚೇರಿಯಲ್ಲಿ ಕರೆಂಟ್ ಇಲ್ಲ. ಕರೆಂಟ್ ಬಂದ ಮೇಲೆ ಸರ್ವರ್ ಇಲ್ಲ. ಊಟವಿಲ್ಲದೆ ಮೂರು ಗಂಟೆಯವರೆಗೆ ಕೂತ ಮೇಲೆ ಒಬ್ಬರು ಕಂಪ್ಯೂಟರ್ ನೋಡಿ, ‘ನಿಮ್ಮ ಪಂಚಾಯ್ತಿಯಲ್ಲಿ ಜುಲೈನಲ್ಲಿ ವಿಮೆ ಹಣ ಬರುವಷ್ಟು ಮಳೆ ಆಗಿಲ್ಲಮ್ಮ’ ಎಂದುಬಿಟ್ಟರು.

ಮಳೆ ಆಗಿಲ್ಲವೇ? ಆ ತಿಂಗಳು ನಮ್ಮಲ್ಲಿ ಹನ್ನೊಂದು ದಿನ ಕರೆಂಟ್ ಇರಲಿಲ್ಲ. ಹಳ್ಳ ದಾಟುವ ಸಂಕ ಕೊಚ್ಚಿಹೋಗಿ ಮಕ್ಕಳು ವಾರವಿಡೀ ಶಾಲೆಯ ಮುಖ ನೋಡಲಿಲ್ಲ. ಮರ ಹತ್ತಿ ಔಷಧಿ ಹೊಡೆಯಲು ಬಂದ ಕೊನೆಗಾರರು ಮರ ಜಾರುತ್ತದೆ ಎಂದು ಎರಡು ಸಲ ವಾಪಸ್ ಹೋದರು. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಅದೇ ದಿನ ಹೊಡೆಯಬೇಕು, ಮರುದಿನಕ್ಕೆ ಇಟ್ಟರೆ ಪ್ರಯೋಜನವಿಲ್ಲ. ಒಂದು ಡ್ರಮ್ ಪೂರ್ತಿ ಹಾಳಾಯಿತು. ಎರಡನೇ ಔಷಧಿ ಆಗುವಷ್ಟರಲ್ಲಿ ಕೊಳೆರೋಗ ಹತ್ತಿ, ಮರದ ಬುಡದಲ್ಲೆಲ್ಲ ಹಸಿ ಕಾಯಿ ಹಾಸಿಕೊಂಡು ಬಿದ್ದಿತ್ತು.

ನಮ್ಮ ಮಾವನವರು ಮೂವತ್ತು ವರ್ಷದಿಂದ ಅಂಗಳದಲ್ಲಿ ಮಳೆ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡುವವರು. ಜುಲೈ ಹಾಳೆಯಲ್ಲಿ ಖಾಲಿ ಬಿಟ್ಟ ದಿನ ಒಂದೂ ಇಲ್ಲ. ಒಂದು ದಿನವಂತೂ ಐದೂವರೆ ಇಂಚು. ಆ ಹಾಳೆಯನ್ನೂ ಒಯ್ದಿದ್ದೆ. ಕಚೇರಿಯವರು ಕೈಯಲ್ಲೂ ಹಿಡಿಯಲಿಲ್ಲ.

ಈ ಹವಾಮಾನ ಆಧಾರಿತ ವಿಮೆಯಲ್ಲಿ ತೋಟಕ್ಕೆ ಬಂದು ಬಿದ್ದ ಕಾಯಿ ನೋಡುವವರಿಲ್ಲ. ಪಂಚಾಯ್ತಿಯ ಮಳೆಮಾಪನ ಯಂತ್ರ ಕೊಟ್ಟ ಅಂಕಿಯೇ ಕೊನೆಯ ಮಾತು. ನಮ್ಮೂರಿನ ಯಂತ್ರಕ್ಕೆ ಬಳ್ಳಿ ಹಬ್ಬಿ, ಒಳಗೆ ತರಗೆಲೆ ತುಂಬಿದೆ ಎಂದು ಮೇ ತಿಂಗಳಲ್ಲೇ ಹೇಳಿದ್ದೆವು. ಯಾರೂ ಬರಲಿಲ್ಲ. ಹೆಕ್ಟೇರಿಗೆ ವಿಮಾ ಮೊತ್ತ 1,28,000 ರೂಪಾಯಿ. ಅದರ ಶೇ 5 ಅಂದರೆ 6,400 ರೂಪಾಯಿ ರೈತರ ಪಾಲು, ಉಳಿದ ಕಂತು ಕೇಂದ್ರ, ರಾಜ್ಯ ಸರ್ಕಾರಗಳದು. ಅದೂ ಜನರ ದುಡ್ಡೇ. ಕಟ್ಟುವಾಗ ಒಂದು ದಿನ ತಡವಾದರೂ ಪೋರ್ಟಲ್ ಮುಚ್ಚಿತು ಎನ್ನುತ್ತಾರೆ, ಕೊಡುವಾಗ ಆ ಅವಸರ ಯಾರಲ್ಲೂ ಕಾಣುವುದಿಲ್ಲ. ಪಹಣಿ ಮಾವನವರ ಹೆಸರಿನಲ್ಲಿ, ಬೆರಳಚ್ಚು ಹೊಂದುತ್ತಿಲ್ಲ ಎಂದು ಎಂಬತ್ತು ದಾಟಿದ ಆ ಜೀವವನ್ನು ಹೋದ ವರ್ಷ ಮೂರು ಸಲ ಆಟೊದಲ್ಲಿ ಕರೆದೊಯ್ದ ಕಷ್ಟ ನನಗೆ ಗೊತ್ತು.

ಅಡಿಕೆಯವರ ಪಾಡು ಸರ್ಕಾರದವರಿಗೆ ಎಂದೂ ಅರ್ಥವಾಗಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇಷ್ಟಕ್ಕಿಂತ ಕಡಿಮೆಗೆ ತರಿಸಬಾರದೆಂಬ ಕನಿಷ್ಠ ಆಮದು ಬೆಲೆಯ ಷರತ್ತೂ ಇಲ್ಲದೆ ಭೂತಾನಿನಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಿಸಲು ಒಪ್ಪಿಗೆ ಕೊಟ್ಟರು. ಮುಂದಿನ ಫೆಬ್ರುವರಿಯಲ್ಲಿ ಬೇರೆ ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು. ಒಂದು ಬಾಗಿಲು ಹಾಕಿ ಇನ್ನೊಂದನ್ನು ತೆರೆದಿಟ್ಟರೆ ಏನು ಬಂತು? ಎಲೆಚುಕ್ಕೆ ರೋಗಕ್ಕೆ ಎಷ್ಟು ಸಭೆಯಾಯಿತೋ, ನಮ್ಮ ಮರದ ಸೋಗೆ ಇನ್ನೂ ಒಣಗುತ್ತಲೇ ಇದೆ. ಈಗ ಶಿವಮೊಗ್ಗ ಮಂಡಿಯಲ್ಲಿ ರಾಶಿ ಇಡಿ ಎಂಬ ಕೆಂಪಡಿಕೆಗೆ ಒಳ್ಳೆಯ ದರವಿದೆ ಎಂದು ಎಲ್ಲರೂ ಹೇಳುತ್ತಾರೆ. ದರ ಬಂದಾಗ ನನ್ನ ಮನೆಯಲ್ಲಿರುವುದು ಕೊಳೆ ಅಡಿಕೆ. ಅದನ್ನು ಯಾವ ಮಂಡಿಗೆ ಒಯ್ಯಲಿ?

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣದಲ್ಲಿ 3,200 ಮೀಟರ್ ರನ್‌ವೇ ಕಟ್ಟಲು ಬಂದ ಸರ್ಕಾರಕ್ಕೆ ಒಂದು ಮಳೆಮಾಪನ ಯಂತ್ರದ ತರಗೆಲೆ ತೆಗೆಸಲು ಬರುವುದಿಲ್ಲವೇ? ಆಗುಂಬೆಯ ಮಗ್ಗುಲಲ್ಲಿ ಕೂತವರಿಗೆ ಮಳೆಯೇ ಬಿದ್ದಿಲ್ಲ ಎನ್ನಲು ನಾಚಿಕೆಯಾದರೂ ಬೇಡವೇ?

ಕೂಡಲೇ ಯಂತ್ರ ಸರಿಪಡಿಸಿ ನಮ್ಮ ಪಂಚಾಯ್ತಿಗೆ ಹಣ ಕೊಡಲಿ. ಆಗದಿದ್ದರೆ ಈ ವಿಮೆಯನ್ನೇ ನಿಲ್ಲಿಸಿ ನಮ್ಮ ಕಂತನ್ನು ವಾಪಸ್ ಮಾಡಲಿ. ಚುನಾವಣೆಗೆ ಮನೆ ಮನೆಗೆ ಬರುವವರು ಮುಂದಿನ ಜುಲೈನಲ್ಲಿ ಒಂದು ರಾತ್ರಿ ನಮ್ಮ ಜಗುಲಿಯಲ್ಲಿ ಮಲಗಿ ನೋಡಲಿ. ಮಾವನವರ ಕ್ಯಾಲೆಂಡರ್ ಹಾಳೆಯ ಜೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ.

– ಅಡಿಕೆ ಬೆಳೆಗಾರ್ತಿ, ತೀರ್ಥಹಳ್ಳಿ ತಾಲ್ಲೂಕು