ಬಿತ್ತುವ ‘ಸೋ’, ಹೊಲಿಯುವ ‘ಸೋ’

ಗೆಳೆಯಾ,

ಮೊನ್ನೆ ಫೋನಿನಲ್ಲಿ ಮಗಳ ನೋಟ್‌ಬುಕ್ಕಿನ ವಿಷಯ ಹೇಳಿದೆಯಲ್ಲ, ರೈತ ಹೊಲದಲ್ಲಿ ಬೀಜ ‘ಹೊಲಿಯುತ್ತಾನೆ’ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳಂತೆ, ಟೀಚರ್ ಕೆಂಪು ಗೆರೆ ಎಳೆದಿದ್ದರಂತೆ. ಅಂದಿನಿಂದ ಆ ‘ಸೋ’ ನನ್ನ ತಲೆಯಲ್ಲೇ ಕೂತಿದೆ. ಅವಳನ್ನು ಬೈಯಬೇಡ ಮಾರಾಯ. ಬಿತ್ತುವುದಕ್ಕೂ (sow) ಹೊಲಿಯುವುದಕ್ಕೂ (sew) ಉಚ್ಚಾರ ಒಂದೇ, ನಡುವಿನ ಅಕ್ಷರವೊಂದು ಬೇರೆ. ಬಿತ್ತುವ ‘ಸೋ’ದ ಸ್ಪೆಲ್ಲಿಂಗನ್ನೇ ‘ಸೌ’ ಎಂದು ಓದಿದರೆ ಹೆಣ್ಣುಹಂದಿ!

ಮೂರರ ಬೇರೂ ಬೇರೆ ಬೇರೆ. ಹೊಲಿಯುವ ‘ಸೋ’ ನಮ್ಮ ಸಂಸ್ಕೃತದ ‘ಸೀವನ’ದ ನೆಂಟ. ಹಂದಿಯ ‘ಸೌ’ಗೆ ‘ಸೂಕರ’ ಬಳಗ. ಬಿತ್ತುವ ‘ಸೋ’ ಹಳೆಯ ಇಂಗ್ಲಿಷಿನಲ್ಲಿ ‘ಸಾವನ್’ ಆಗಿತ್ತು. ‘ಸೀಡ್’ ಅದೇ ಬೇರಿನದು. ಲ್ಯಾಟಿನ್ನಿನಲ್ಲಿ ಬೀಜಕ್ಕೆ ‘ಸೆಮೆನ್’, ಸಸಿಮಡಿಗೆ ‘ಸೆಮಿನಾರಿಯುಂ’. ಕಾಲೇಜಿನಲ್ಲಿ ನಾವಿಬ್ಬರೂ ಕೂತೆದ್ದ ಸೆಮಿನಾರುಗಳೆಲ್ಲ ಆ ಮಡಿಯಿಂದಲೇ ಎದ್ದ ಸಸಿಗಳು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಸೀಸನ್’. ಲ್ಯಾಟಿನ್ನಿನ ‘ಸಾತಿಯೋ’ ಎಂದರೆ ಬಿತ್ತನೆ. ಅದು ಫ್ರೆಂಚರ ಬಾಯಲ್ಲಿ ಸವೆದು ಬಿತ್ತನೆಯ ಹೊತ್ತಾಯಿತು, ಆಮೇಲೆ ಯಾವ ಕೆಲಸಕ್ಕೂ ತಕ್ಕ ಕಾಲವಾಗಿ ಇಂಗ್ಲಿಷಿಗೆ ಬಂತು. ಮಾವಿನ ಸೀಸನ್, ಮದುವೆ ಸೀಸನ್ ಅನ್ನುತ್ತೇವಲ್ಲ, ಅದರೊಳಗೆ ಮುಷ್ಟಿಯಲ್ಲಿ ಬೀಜ ಹಿಡಿದು ಮಳೆಗೆ ಕಾದವನೊಬ್ಬ ಇದ್ದಾನೆ. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ’ ಎನ್ನುತ್ತ ಮುಗಿಲು ನೋಡುತ್ತಿದ್ದ ನನ್ನ ಅಜ್ಜ ನೆನಪಾದ. ವರ್ಷ ಎಂಬುದನ್ನು ಅವನು ಅಳೆಯುತ್ತಿದ್ದದ್ದೇ ಬಿತ್ತನೆಯಿಂದ.

ಇನ್ನೊಂದಿದೆ. ‘ಬ್ರಾಡ್‌ಕಾಸ್ಟ್’ ಎಂದರೆ ಮೊದಲು ಬೀಜವನ್ನು ಕೈಯಲ್ಲಿ ಅಗಲಕ್ಕೆ ಎರಚುವುದು. 1920ರ ದಶಕದಲ್ಲಿ ರೇಡಿಯೊದವರು ಆ ಮಾತನ್ನು ಹೊಲದಿಂದ ಎತ್ತಿಕೊಂಡರು. ನಮ್ಮಲ್ಲಿ 1935ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿಯವರು ಕಟ್ಟಿದ ರೇಡಿಯೊ ಕೇಂದ್ರಕ್ಕೆ ಸಿಕ್ಕಿದ್ದು ‘ಆಕಾಶವಾಣಿ’ ಎಂಬ ಹೆಸರು. ಅವರದು ಮಣ್ಣಿನಿಂದ, ನಮ್ಮದು ಬಾನಿನಿಂದ. ಆದರೆ ‘ವಾರ್ತೆ ಬಿತ್ತರಿಸಿದರು’ ಎಂದೂ ಅನ್ನುತ್ತೇವಲ್ಲ! ಅದರಲ್ಲಿ ‘ಬಿತ್ತು’ ಇದೆಯೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ಇಲ್ಲ. ‘ಬಿತ್ತರ’ ಬಂದದ್ದು ‘ವಿಸ್ತಾರ’ದಿಂದ, ಬೀಜಕ್ಕೂ ಅದಕ್ಕೂ ನಂಟಿಲ್ಲ. ನಿನ್ನ ಮಗಳು ಇಂಗ್ಲಿಷಿನಲ್ಲಿ ಎಡವಿದ ಕಲ್ಲಿಗೇ ನಾನು ಕನ್ನಡದಲ್ಲಿ ಎಡವಿದ್ದೆ ನೋಡು.

ನಮ್ಮ ‘ಬಿತ್ತು’ ಅಚ್ಚ ದ್ರಾವಿಡ. ತಮಿಳು, ತೆಲುಗುಗಳಲ್ಲಿ ‘ವಿತ್ತು’, ತುಳುವಿನಲ್ಲಿ ‘ಬಿತ್ತ್’. ಇಂಗ್ಲಿಷಿನವರಿಗೆ ಬೀಜಕ್ಕೊಂದು, ಬಿತ್ತುವುದಕ್ಕೊಂದು ಮಾತು ಬೇಕು. ನಮಗೆ ಎರಡಕ್ಕೂ ಇದೊಂದೇ ಸಾಕು: ಬಿತ್ತನ್ನು ಬಿತ್ತಿದರಾಯಿತು. ಸಂಸ್ಕೃತದ ‘ಬೀಜ’ ಬಂದು ಈ ಚೆಲುವಾದ ಹೆಸರುಪದವನ್ನು ಮೂಲೆಗೆ ತಳ್ಳಿದ್ದು ನನಗೆ ನಿಜಕ್ಕೂ ಸಂಕಟ.

ಪತ್ರವನ್ನು ಮಗಳಿಗೂ ಓದಿ ಹೇಳು. ಹಾಗೇ ಅಮ್ಮನನ್ನು ಕೇಳಿ ನೋಡು, ಅವರ ತವರಿನ ಕಡೆ ಹಲಸಿನದಕ್ಕೆ ಬೀಜ ಅನ್ನುತ್ತಿದ್ದರೋ, ಬಿತ್ತ ಅನ್ನುತ್ತಿದ್ದರೋ? ಮರೆಯದೆ ಬರೆ.

ನಿನ್ನವ