ಸಿಂಗಳೀಕದ ದಾರಿ ನಮ್ಮ ತಲೆಯ ಮೇಲೇ ಇರಲಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟ ಕೂಡಲೇ ಮಂಗಳೂರು, ಉಡುಪಿ ಕಡೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಕಾರ್ಕಳ, ಬಜಗೋಳಿ, ಮಾಳದ ಮಾರ್ಗವಾಗಿ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿಬರುವುದು ಈಗ ವಾಡಿಕೆಯಾಗಿದೆ. ಕಳೆದ ತಿಂಗಳು ಮಗ, ಸೊಸೆ, ಮೊಮ್ಮಗಳೊಂದಿಗೆ ನಾನೂ ಹೋಗಿದ್ದೆ. ಅಂದು ಕಂಡ ಎರಡು ದೃಶ್ಯಗಳನ್ನು ನಿಮ್ಮ ಪತ್ರಿಕೆಯ ಮೂಲಕ ಇತರ ಪ್ರವಾಸಿಗರ ಹಾಗೂ ಸಂಬಂಧಪಟ್ಟ ಇಲಾಖೆಗಳ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ಮಾಳ ದಾಟಿ ಘಾಟಿ ಏರುತ್ತಿದ್ದಾಗ, ಎರಡೂ ಬದಿಯ ಮರಗಳ ಕೊಂಬೆಗಳು ರಸ್ತೆಯ ಮೇಲೆ ಒಂದಕ್ಕೊಂದು ತಾಗಿಕೊಂಡಿದ್ದ ತಿರುವೊಂದರಲ್ಲಿ ಎಲೆಗಳು ಜೋರಾಗಿ ಅಲುಗಾಡುವುದು ಕಂಡು ಮಗ ಕಾರನ್ನು ನಿಲ್ಲಿಸಿದ. (ತಿರುವಿನಲ್ಲಿ ನಿಲ್ಲಿಸಿದ್ದು ನಮ್ಮದೂ ತಪ್ಪೇ, ಒಪ್ಪಿಕೊಳ್ಳುತ್ತೇನೆ.) ಕಪ್ಪು ಮುಖದ ಸುತ್ತ ಬೂದುಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹದ ಬಾಲಕ್ಕಿರುವಂಥ ಕುಚ್ಚು. ಸೊಸೆ ಮುಸುವ ಎಂದಳು. ಅಲ್ಲ, ಅವು ಸಿಂಗಳೀಕಗಳು. ಏಳೆಂಟು ಇದ್ದವು. ಹೊಟ್ಟೆಗೆ ಮರಿಯನ್ನು ಅವುಚಿಕೊಂಡ ತಾಯಿಯೊಂದು ಸರಾಗವಾಗಿ ಆಚೆ ಮರಕ್ಕೆ ದಾಟಿತು. ಕೊನೆಯಲ್ಲಿ ಉಳಿದ ಎಳೆಯದೊಂದು ಮಾತ್ರ ಕೊಂಬೆಯ ತುದಿಯವರೆಗೆ ಬಂದು, ಕುಳಿತು, ಹಿಂದಕ್ಕೆ ಹೋಗಿ, ಮತ್ತೆ ಬಂದು ಜಿಗಿಯಿತು. ಕೊಂಬೆ ಬಗ್ಗಿ ಎದ್ದಾಗ ಎಲೆಗಳ ಮೇಲಿದ್ದ ನೀರೆಲ್ಲ ನಮ್ಮ ಕಾರಿನ ಗಾಜಿನ ಮೇಲೆ ಸುರಿಯಿತು.

ಎಸ್.ಕೆ. ಬಾರ್ಡರ್‌ನಲ್ಲಿ ರಸ್ತೆ ಕವಲೊಡೆಯುತ್ತದೆ. ಒಂದು ಕೆರೆಕಟ್ಟೆಯ ಮೂಲಕ ಶೃಂಗೇರಿಯ ಕಡೆಗೆ, ಇನ್ನೊಂದು ಕುದುರೆಮುಖ, ಕಳಸದ ಕಡೆಗೆ. (ನಮ್ಮ ಜಿಲ್ಲೆ ‘ಸೌತ್ ಕೆನರಾ’ ಆಗಿದ್ದ ಕಾಲದ ಹೆಸರದು, ಉಡುಪಿ ಜಿಲ್ಲೆಯಾಗಿ 1997ರಲ್ಲಿ ಬೇರೆಯಾದರೂ ಗಡಿಯ ಹೆಸರು ಹಾಗೇ ಉಳಿದಿದೆ.) ನಾವು ಕುದುರೆಮುಖದ ಕಡೆಗೆ ತಿರುಗಿದೆವು. ಕಡಾಂಬಿ ಜಲಪಾತಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ರಸ್ತೆಯ ಅರ್ಧ ಭಾಗದಲ್ಲಿ ಕಾರುಗಳು ನಿಂತಿದ್ದವು. ಕಿಟಕಿಗಳಿಂದ ಬಾಳೆಹಣ್ಣು, ಬಿಸ್ಕತ್ತು, ಚಿಪ್ಸ್ ಎಸೆಯಲಾಗುತ್ತಿತ್ತು. ಸಾಮಾನ್ಯ ಮಂಗಗಳ ದೊಡ್ಡ ಹಿಂಡೊಂದು ಡಾಂಬರಿನ ಮೇಲೇ ಕುಳಿತು ತಿನ್ನುತ್ತಿತ್ತು. ಒಂದು ಮಂಗ ಖಾಲಿ ಪೊಟ್ಟಣದೊಳಗೆ ಮುಖ ತೂರಿಸಿ ಉಪ್ಪು ನೆಕ್ಕುತ್ತಿದ್ದಾಗ ಎದುರಿನಿಂದ ಸರಕಿನ ಲಾರಿ ಬಂತು. ಚಾಲಕ ಬ್ರೇಕ್ ಒತ್ತಿದ್ದರಿಂದ ಅದು ಬದುಕಿತು. ಆತ ನಮ್ಮನ್ನೆಲ್ಲ ಬೈದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲವಾದರೂ ಅವು ಅನ್ಯಾಯದ ಮಾತುಗಳೇನಲ್ಲ.

ಈ ಎರಡು ದೃಶ್ಯಗಳಿಗೆ ಸಂಬಂಧವಿದೆಯೆಂಬುದೇ ನನ್ನ ಆತಂಕ. ಸಿಂಗಳೀಕವು ಪಶ್ಚಿಮ ಘಟ್ಟವನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸ್ವಾಭಾವಿಕವಾಗಿ ಬದುಕಿಲ್ಲ. ಕಾಡುಗಳಲ್ಲಿ ಉಳಿದಿರುವುದೂ ಕೆಲವೇ ಸಾವಿರ. ಹಣ್ಣು, ಬೀಜ, ಕೀಟಗಳನ್ನು ಹುಡುಕುತ್ತ ಹೆಚ್ಚಿನ ಸಮಯವನ್ನು ಮರದ ಮೇಲೆಯೇ ಕಳೆಯುವ ಈ ಪ್ರಾಣಿ ಸಾಮಾನ್ಯವಾಗಿ ಒಂದು ಬಾರಿಗೆ ಒಂದೇ ಮರಿ ಹಾಕುವುದರಿಂದ, ಗುಂಪಿನಲ್ಲಿ ಒಂದು ಹೆಣ್ಣು ಸತ್ತರೂ ಆ ನಷ್ಟ ತುಂಬಲು ವರ್ಷಗಳೇ ಬೇಕಾಗುತ್ತವೆ. ಆದರೆ ಇವು ಎಂದಿಗೂ ನೆಲಕ್ಕಿಳಿಯುವುದಿಲ್ಲ ಎಂದು ನಾವು ನಿಶ್ಚಿಂತರಾಗಿ ಇರುವಂತಿಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಕಾಡು ತುಂಡುತುಂಡಾದ ಕಡೆ ಸಿಂಗಳೀಕಗಳು ರಸ್ತೆಗೂ ಮನೆಗಳ ಬಳಿಗೂ ಇಳಿಯತೊಡಗಿ ವಾಹನಗಳಡಿ ಸತ್ತಿವೆ. ಕೊನೆಗೆ ಅಲ್ಲಿ ಮರದಿಂದ ಮರಕ್ಕೆ ತೂಗುಸೇತುವೆಗಳನ್ನು ಕಟ್ಟಬೇಕಾಯಿತು. ಅವು ಕೆಳಗಿಳಿಯಲು ಎರಡೇ ಕಾರಣ ಸಾಕು: ಮೇಲೆ ದಾರಿ ಕಡಿದುಹೋಗುವುದು, ಕೆಳಗೆ ತಿಂಡಿ ಸಿಗುವುದು. ಮಾಳ ಘಾಟಿಯಲ್ಲಿ ನಾವು ಎರಡನ್ನೂ ಮಾಡುತ್ತಿದ್ದೇವೆ.

ಬಂಡೀಪುರದಲ್ಲಿ 2009ರಿಂದ ಜಾರಿಯಲ್ಲಿರುವ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿರ್ಬಂಧವನ್ನೇ ಇಲ್ಲಿಗೂ ತಂದರೆ ಸಾಕೆಂದು ಕೆಲವರು ಹೇಳುತ್ತಾರೆ. ಕಡವೆ, ಕಾಟಿಗಳಿಗೆ ಅದರಿಂದ ಅನುಕೂಲವಾದೀತು. ಆದರೆ ಸಿಂಗಳೀಕ ಹಗಲು ಓಡಾಡುವ ಪ್ರಾಣಿ, ನಮ್ಮ ಕಾರುಗಳ ಸಾಲೂ ಹಗಲಿನದೇ. ಅಲ್ಲದೆ ಶೃಂಗೇರಿ, ಕಳಸದ ಕಡೆಯವರು ತುರ್ತು ಚಿಕಿತ್ಸೆಗೆಂದು ಮಂಗಳೂರು, ಮಣಿಪಾಲಕ್ಕೆ ಇಳಿಯುವುದೂ ಈ ದಾರಿಯಲ್ಲೇ ಆದ್ದರಿಂದ, ರಸ್ತೆಯನ್ನೇ ಮುಚ್ಚಿ ಎಂದು ಕೇಳಲು ನನಗೆ ಮನಸ್ಸು ಬರುವುದಿಲ್ಲ.

ನಾನು ಕೇಳುತ್ತಿರುವುದು ಅದಕ್ಕಿಂತ ಸಣ್ಣದು. ರಸ್ತೆ ಅಗಲಿಸುವಾಗ ಅಥವಾ ತಂತಿಗೆ ತಾಗುತ್ತದೆಂದು ಕೊಂಬೆ ಸವರುವಾಗ, ಸಿಂಗಳೀಕಗಳು ಎಲ್ಲಿ ದಾಟುತ್ತವೆಂದು ಬಲ್ಲ ಅರಣ್ಯ ವೀಕ್ಷಕರನ್ನು ಜೊತೆಗೆ ಕರೆದೊಯ್ದು ಆ ಜಾಗಗಳನ್ನು ಬಿಟ್ಟುಬಿಡಲಿ. ಕೊಂಬೆಗಳು ಈಗಾಗಲೇ ಹೋಗಿರುವಲ್ಲಿ ವಾಲ್ಪಾರೈಯ ಮಾದರಿಯಲ್ಲಿ ಸೇತುವೆ ಕಟ್ಟಲಿ. ಚೆಕ್‌ಪೋಸ್ಟ್‌ನಲ್ಲಿ ವಾಹನದ ಸಂಖ್ಯೆ ಬರೆದುಕೊಳ್ಳುವಾಗಲೇ, ಮಂಗಗಳಿಗೆ ತಿಂಡಿ ಹಾಕಬೇಡಿ ಎಂದು ಒಂದು ಮಾತು ಹೇಳಲಿ. ಫಲಕಗಳು ಇವೆ, ಓದುವವರಿಲ್ಲ. ಸಮವಸ್ತ್ರದಲ್ಲಿರುವವರು ಬಾಯಿಬಿಟ್ಟು ಹೇಳಿದರೆ ಕೇಳುತ್ತಾರೆ. ಪ್ರವಾಸಿಗರಲ್ಲಿ ನನ್ನ ವಿನಂತಿಯೆಂದರೆ, ಬುತ್ತಿಯನ್ನು ಬಜಗೋಳಿಯಲ್ಲೋ ಕಳಸದಲ್ಲೋ ಬಿಚ್ಚಿ.

ಸುಮಾರು 600 ಚದರ ಕಿಲೋಮೀಟರ್‌ನ ಈ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೂ 2005ರ ಕೊನೆಯವರೆಗೆ ಅಲ್ಲಿ ಗಣಿಗಾರಿಕೆ ನಡೆದಿತ್ತು. ಅದಿರಿನ ರಾಡಿ 67 ಕಿಲೋಮೀಟರ್ ಕೊಳವೆಯಲ್ಲಿ ಹರಿದು ನಮ್ಮ ಪಣಂಬೂರಿಗೇ ಬರುತ್ತಿತ್ತು. ಅದನ್ನು ನಿಲ್ಲಿಸಲು ಸುಪ್ರೀಂ ಕೋರ್ಟ್ ಆದೇಶ ಬೇಕಾಯಿತು. ಚಿಪ್ಸ್ ಪೊಟ್ಟಣಕ್ಕೆ ಅಷ್ಟು ದೂರ ಹೋಗಬೇಕಿಲ್ಲವೆಂದು ನಂಬಿದ್ದೇನೆ.

ಹಿಂತಿರುಗುವಾಗ ಮೊಮ್ಮಗಳ ಒತ್ತಾಯಕ್ಕೆ ಅದೇ ತಿರುವಿನಲ್ಲಿ ನಿಧಾನಿಸಿದೆವು. ಸಿಂಗಳೀಕಗಳಿರಲಿಲ್ಲ. ಬೆಳಿಗ್ಗೆ ಅವು ದಾಟಿದ ಮರದ ಬುಡದಲ್ಲಿ ತೊಗಟೆ ಕೆತ್ತಿ ಬಣ್ಣದಿಂದ ಸಂಖ್ಯೆಯೊಂದನ್ನು ಬರೆದಿದ್ದರು. ಅದು ಬರಿಯ ಲೆಕ್ಕಕ್ಕೋ, ಕಡಿಯುವುದಕ್ಕೋ ನನಗೆ ತಿಳಿಯಲಿಲ್ಲ. ಕಡಿಯುವುದಕ್ಕಾದರೆ, ಸಂಬಂಧಪಟ್ಟವರು ಅದಕ್ಕೂ ಮೊದಲು ಒಂದು ಬೆಳಿಗ್ಗೆ ಅಲ್ಲಿ ನಿಂತು ತಲೆಯೆತ್ತಿ ನೋಡಬೇಕೆಂದು ಕೋರುತ್ತೇನೆ.

ಇತಿ,
ಕದ್ರಿಯ ಓರ್ವ ಓದುಗ, ಮಂಗಳೂರು